ಎರಡು ಶೇಡ್ ಮೇಲೆ

ಬೆಳಕು ಹಾಯಿಸಿ ಕೂದಲು ತೆಗೆಯುವ ಯಂತ್ರ ಮೂರನೇ ಸಲವೂ ಕೆಂಪು ದೀಪವನ್ನೇ ತೋರಿಸಿತು. ಚಿಕ್ಕಮ್ಮ ಅದನ್ನು ಹುಡುಗಿಯ ಕೆನ್ನೆಯಿಂದ ತೆಗೆದು ತನ್ನ ಮುಂಗೈಗೆ ಒತ್ತಿದಳು. ಕೂಡಲೇ ಹಸಿರು ದೀಪ ಹತ್ತಿತು, ಫಳ್ಳನೆ ಬೆಳಕು ಚಿಮ್ಮಿತು.

“ಯಂತ್ರ ಸರಿಯಾಗೇ ಇದೆ. ಪುಟ್ಟಿಗೆ ಆಗಲ್ಲ ಅಷ್ಟೆ. ನೋಡಿ ಅಕ್ಕ, ಇಲ್ಲೇ ಹಾಕಿದಾರೆ.”

ಸೂಚನೆಯ ಹಾಳೆಯಲ್ಲಿ ಚರ್ಮದ ಬಣ್ಣಗಳ ಆರು ಚೌಕಗಳಿದ್ದವು. ಮೊದಲನೆಯದು ಹಾಲಿನ ಬಣ್ಣ, ಆರನೆಯದು ಹುರಿದ ಕಾಫಿಬೀಜದ ಬಣ್ಣ. ಆರನೆಯದರ ಮೇಲೆ ಅಡ್ಡಗೆರೆ ಎಳೆದಿತ್ತು. ಚಿಕ್ಕಮ್ಮ ಬಣ್ಣ ಬಳಿದ ಉಗುರನ್ನು ಆ ಗೆರೆಯ ಮೇಲೇ ಇಟ್ಟು, “ಪಾಪ, ಅವಳದೇನು ತಪ್ಪು ಬಿಡಿ,” ಎಂದಳು. ಮೂರು ತಿಂಗಳು ಹಟ ಹಿಡಿದು ಗಂಡನಿಂದ ಆ ಯಂತ್ರ ತರಿಸಿಕೊಂಡು, ತನ್ನ ಕೈಕಾಲು ನುಣ್ಣಗಾದ ಮೇಲೆ ಊರಿಗೆಲ್ಲ ಉಪಕಾರ ಮಾಡಲು ಹೊರಟವಳು ಅವಳು. ಬೆಳ್ಳಗೆ ಹುಟ್ಟಿದ್ದೇ ತಮ್ಮ ಸಾಧನೆ ಎಂದು ನಂಬಿದವರಿಗೆ ಇಂಥ ಕರುಣೆ ಸುಲಭವಾಗಿ ಬರುತ್ತದೆ.

ಪಾರ್ಲರಿನ ಒಡತಿ, ಅಂದರೆ ಪುಟ್ಟಿಯ ಅಮ್ಮ, ಹಲ್ಲಲ್ಲಿ ದಾರ ಕಚ್ಚಿಕೊಂಡು ಗಿರಾಕಿಯೊಬ್ಬಳ ಹುಬ್ಬು ತೀಡುತ್ತಿದ್ದಳು. ಅವಳೂ ಮಗಳ ಬಣ್ಣದವಳೇ. ಆದರೆ ಅದು ಕೈ ನೋಡಿದವರಿಗೆ ಮಾತ್ರ ಗೊತ್ತು, ಮುಖದ ಬಣ್ಣ ಬೇರೆಯೇ ಇರುತ್ತಿತ್ತು. ಓರಗಿತ್ತಿಯ ಮಾತು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ದಾರ ಬಾಯಲ್ಲಿದ್ದುದರಿಂದ ಉತ್ತರ ಕೊಡಲಾಗಲಿಲ್ಲ, ಆ ಸಿಟ್ಟಿಗೆ ಗಿರಾಕಿಯ ಎಡಹುಬ್ಬು ಸ್ವಲ್ಪ ಸಣ್ಣಗಾಯಿತು.

“ಇಲ್ಲೇ ಇಟ್ಟು ಹೋಗ್ತೀನಿ ಅಕ್ಕ. ನಿಮ್ಮ ಗಿರಾಕಿಗಳಲ್ಲಿ ಯಾರಾದ್ರೂ ಬೆಳ್ಳಗಿರೋರಿಗೆ ಆಗತ್ತೆ,” ಎಂದು ಹೇಳಿ ಚಿಕ್ಕಮ್ಮ ಹೊರಟಳು.

ಬಾಗಿಲು ಮುಚ್ಚಿಕೊಂಡಿತೋ ಇಲ್ಲವೋ, ಒಡತಿ ಬಾಯಿಂದ ದಾರ ತೆಗೆದಳು. “ಇಪ್ಪತ್ತೆರಡು ವರ್ಷ ಮುಖ ತಿದ್ದಿರೋ ನನಗೆ ಡಬ್ಬಿಯೊಂದು ಬಣ್ಣ ಹೇಳಿಕೊಡತ್ತಂತೆ. ಎರಡು ಶೇಡ್ ಮೇಲೆ ಹಚ್ಚಿದ್ರೆ ಮದುವೆಗೆ ಬಂದ ಸಾವಿರ ಜನಕ್ಕೇ ಗೊತ್ತಾಗಲ್ಲ, ಇದಕ್ಕೇನು ಗೊತ್ತಾಗತ್ತೆ?”

ಗಿರಾಕಿ ಕಣ್ಣು ಮುಚ್ಚಿಕೊಂಡೇ ಕಿಸಕ್ಕೆಂದಳು. ಕನ್ನಡಿಯ ಬಳಿ ನಿಂತಿದ್ದ ಪುಟ್ಟಿಯೂ ನಕ್ಕಳು. ಅಮ್ಮ ಗೆದ್ದಂತಾಯಿತು.

ಎರಡು ಶೇಡ್ ಮೇಲೆ ಎಂಬುದು ಆ ಪಾರ್ಲರಿನ ಕಟ್ಟುಪಾಡು. ಯಾವ ಮದುಮಗಳೇ ಬರಲಿ, ಅವಳ ಚರ್ಮಕ್ಕಿಂತ ಎರಡು ಮೆಟ್ಟಿಲು ತಿಳಿಯಾದ ಫೌಂಡೇಶನ್ನೇ ಅವಳ ಮುಖಕ್ಕೆ. ಯಾರೂ ಕೇಳಬೇಕಾಗಿರಲಿಲ್ಲ, ಯಾರೂ ಬೇಡವೆಂದದ್ದೂ ಇಲ್ಲ. ಕತ್ತು ಒಂದು ಬಣ್ಣ, ಮುಖ ಒಂದು ಬಣ್ಣವಾಗಿ ಫೋಟೋದಲ್ಲಿ ನಿಂತವರೆಲ್ಲ ಗೋಡೆಯ ಮೇಲಿದ್ದರು. ಮಗಳಿಗೆ ಹದಿನೈದು ತುಂಬಿದ ದಿನ ಅಮ್ಮ ಕೊಟ್ಟ ಉಡುಗೊರೆಯೂ ಅಂಥದೇ ಒಂದು ಟ್ಯೂಬ್. ಅಂದಿನಿಂದ ಪುಟ್ಟಿ ಅದಿಲ್ಲದೆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅದನ್ನು ಅಮ್ಮ ಪ್ರೀತಿಯೆಂದೇ ತಿಳಿದಿದ್ದಳು. ನಿಜವಾಗಿಯೂ ಹಾಗೇ ತಿಳಿದಿದ್ದಳು ಎನ್ನುವುದೇ ಹೊಟ್ಟೆ ಉರಿಸುವ ಸಂಗತಿ.

ಈಗ ಪುಟ್ಟಿಗೆ ಹತ್ತೊಂಬತ್ತು. ದೊಡ್ಡ ಹೋಟೆಲೊಂದರ ಸ್ವಾಗತದ ಕೌಂಟರಿಗೆ ಅರ್ಜಿ ಹಾಕಿದ್ದಳು, ಇಪ್ಪತ್ತನಾಲ್ಕು ದಿನಗಳಲ್ಲಿ ಸಂದರ್ಶನವಿತ್ತು. ಕಿವಿಯಿಂದ ದವಡೆಯವರೆಗೆ ಇಳಿದ ಕೂದಲನ್ನು ಅಮ್ಮ ಹನ್ನೆರಡು ದಿನಕ್ಕೊಮ್ಮೆ ದಾರದಲ್ಲಿ ತೆಗೆಯುತ್ತಿದ್ದಳು, ಅದು ಹನ್ನೊಂದನೇ ದಿನಕ್ಕೆ ಮತ್ತೆ ಹಾಜರಾಗುತ್ತಿತ್ತು. ಪಾರ್ಲರಿನಲ್ಲೇ ಬೆಳೆದ ಹುಡುಗಿಗೆ ಆ ಕೂದಲು ಕಂಡರೆ ಅಸಹ್ಯ. ಅಸಹ್ಯ ಪಡುವುದನ್ನು ಅಲ್ಲಿ ದಿನಾ ಬೆಳಿಗ್ಗೆ ಒಂಬತ್ತರಿಂದ ಕಲಿಸಲಾಗುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಒಡತಿ ಮದುಮಗಳೊಬ್ಬಳ ಮನೆಗೆ ಅಲಂಕಾರಕ್ಕೆ ಹೋದಳು. ಮಧ್ಯಾಹ್ನ ವಾಪಸು ಬಂದಾಗ ಪಾರ್ಲರಿನ ಶಟರ್ ಅರ್ಧ ಇಳಿದಿತ್ತು. ಒಳಗೆ ಪುಟ್ಟಿ ಒದ್ದೆ ಟವೆಲನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು.

“ತೆಗಿ ಕೈ.”

ಪುಟ್ಟಿ ತೆಗೆಯಲಿಲ್ಲ. ಅಮ್ಮ ತಾನೇ ಟವೆಲ್ ಎಳೆದಳು. ಕೆನ್ನೆಯ ಮೇಲೆ ಅಕ್ಕಪಕ್ಕ ಎರಡು ಆಯತಗಳು ಎದ್ದಿದ್ದವು. ಅಳತೆ ಯಂತ್ರದ ಬಾಯಿಯದೇ, ಅಂಚು ಗೆರೆ ಎಳೆದಷ್ಟು ನೇರ. ಒಂದರಲ್ಲಿ ಆಗಲೇ ನೀರು ತುಂಬಿತ್ತು.

ಮೇಜಿನ ಮೇಲೆ ಸೂಚನೆಯ ಹಾಳೆ ಚಿಕ್ಕಮ್ಮ ಮಡಿಸಿಟ್ಟಂತೆಯೇ ಬಿದ್ದಿತ್ತು. ಯಂತ್ರದ ಜೊತೆ ಬಂದ ಕಪ್ಪು ಕನ್ನಡಕ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಪಕ್ಕದಲ್ಲಿ ಮುಚ್ಚಳ ತೆಗೆದ ಫೌಂಡೇಶನ್ ಟ್ಯೂಬ್.

“ಹಸಿರು ದೀಪ ಬಂತಮ್ಮ. ನೀನು ಹೇಳಿದ ಹಾಗೇ,” ಎಂದಳು ಪುಟ್ಟಿ. “ಮೊದಲನೇದಕ್ಕೇ ಉರೀತು. ಉರಿಯೋದೇ ಹಾಗೇನೋ ಅಂತ ಇನ್ನೊಂದು ಕೊಟ್ಟೆ.”

ಅಮ್ಮ ಬೈಯಲು ಶುರು ಮಾಡಿದಳು. ಮೊದಲು ಓರಗಿತ್ತಿಯನ್ನು, ಆಮೇಲೆ ಅವಳ ತವರನ್ನು, ಆಮೇಲೆ ಇಂಥದನ್ನು ತಯಾರಿಸಿ ಮನೆಮನೆಗೆ ಕಳಿಸುವವರನ್ನು. ಚರ್ಮದ ಡಾಕ್ಟರ ಕ್ಲಿನಿಕ್ ತಲುಪುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಎರಡು ಶೇಡಿನ ಮಾತು ಮಾತ್ರ ಆ ಬೈಗುಳದ ಪಟ್ಟಿಯಲ್ಲಿ ಎಲ್ಲೂ ಬರಲಿಲ್ಲ.

ಡಾಕ್ಟರು ವಯಸ್ಸಾದ ಹೆಂಗಸು, ಸೌಜನ್ಯಕ್ಕೆಂದು ಮಾತು ಉದ್ದ ಮಾಡುವವರಲ್ಲ. “ಕೆಂಪು ದೀಪ ಬಂದಿರಬೇಕಲ್ಲ?”

“ನಿನ್ನೆ ಬಂತು,” ಎಂದಳು ಪುಟ್ಟಿ. “ಇವತ್ತು ಮೇಕಪ್ ಹಚ್ಚಿದ ಮೇಲೆ ಬರಲಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಆ ಬೆಳಕು ಕಪ್ಪನ್ನ ಹುಡುಕಿಕೊಂಡು ಹೋಗತ್ತಮ್ಮ. ಚರ್ಮ ತಿಳಿಯಾಗಿದ್ರೆ ಕೂದಲಿನ ಬುಡಕ್ಕೆ ಹೋಗತ್ತೆ. ಚರ್ಮವೇ ಕಪ್ಪಾಗಿದ್ರೆ ಅಲ್ಲೇ ನಿಂತು ಸುಡತ್ತೆ. ಅದಕ್ಕೇ ಆ ದೀಪ ಇಟ್ಟಿರೋದು, ನಿನ್ನ ಅವಮಾನ ಮಾಡೋಕಲ್ಲ. ಅದರ ಕಣ್ಣಿಗೆ ಮಣ್ಣೆರಚೋ ಬುದ್ಧಿ ಎಲ್ಲಿಂದ ಬಂತು?”

“ಯಂತ್ರ ಅವಳ ಚಿಕ್ಕಮ್ಮಂದು,” ಎಂದಳು ಒಡತಿ.

“ನಾನು ಯಂತ್ರದ ವಿಷಯ ಕೇಳಲಿಲ್ಲ. ಏನು ಹಚ್ಚಿಕೊಂಡೆ, ಎಷ್ಟು ಬಿಳಿ ಇತ್ತು?”

“ಬೇರೇನಿಲ್ಲ ಡಾಕ್ಟ್ರೇ,” ಎಂದಳು ಪುಟ್ಟಿ. ಅವಳ ದನಿಯಲ್ಲಿ ದೂರು ಇರಲಿಲ್ಲ. “ಅಮ್ಮ ನನಗೆ ದಿನಾ ಹಚ್ಚೋದೇ.”

ಡಾಕ್ಟರು ಅಮ್ಮನ ಮುಖ ನೋಡಿದರು, ಆಮೇಲೆ ಅವಳ ಕೈ ನೋಡಿದರು. ಒಡತಿ ಕೈಗಳನ್ನು ಚೀಲದ ಕೆಳಗೆ ಎಳೆದುಕೊಂಡಳು. ಜೀವಮಾನವೆಲ್ಲ ಬೇರೆಯವರ ಮುಖದಲ್ಲಿ ಕುಂದು ಹುಡುಕಿದವಳಿಗೆ ಆ ನೋಟದ ಅರ್ಥ ಗೊತ್ತಾಗದೇ ಇರಲಿಲ್ಲ.

ಮುಲಾಮು ಬರೆದುಕೊಟ್ಟು ಡಾಕ್ಟರು ಹೇಳಿದರು: “ಬಿಸಿಲು ಬೇಡ. ಚರ್ಮ ಪೂರ್ತಿ ಕೂಡೋವರೆಗೂ ಏನೂ ಬಳಿಬೇಡ. ಕಲೆ ಹೋಗೋಕೆ ತಿಂಗಳುಗಟ್ಟಲೆ ಹಿಡಿಯತ್ತೆ. ಆಮೇಲೆ ಮುಚ್ಚಲೇಬೇಕು ಅಂದ್ರೆ ನಿನ್ನ ಬಣ್ಣದ್ದೇ ಹಚ್ಚಿಕೋ.”

ಚಿಕ್ಕಮ್ಮ ಯಂತ್ರ ಒಯ್ಯಲು ಬಂದಾಗ ಪುಟ್ಟಿಯ ಕೆನ್ನೆ ನೋಡಿ, “ನಾನು ಮೊದಲೇ ಹೇಳಿದ್ದೆ,” ಎಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಒಡತಿ ಯಂತ್ರವನ್ನು ಡಬ್ಬಿಯಲ್ಲಿಟ್ಟು ತಂದುಕೊಟ್ಟಳು, ಜಗಳವಾಡಲಿಲ್ಲ.

ಸುಟ್ಟ ಇಪ್ಪತ್ತೆರಡನೇ ದಿನದ ಹೊತ್ತಿಗೆ ಹಕ್ಕಳೆ ಉದುರಿ ಚರ್ಮ ಕೂಡಿತ್ತು. ಆಯತಗಳು ಉಳಿದಿದ್ದವು, ಸುತ್ತಲಿನ ಕೆನ್ನೆಗಿಂತ ಒಂದಿಷ್ಟು ಕಡುವಾಗಿ.

ಸಂದರ್ಶನದ ಬೆಳಿಗ್ಗೆ ಪುಟ್ಟಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. “ಡಾಕ್ಟ್ರು ಹೇಳಿದ ಹಾಗೆ ಹಚ್ಚಮ್ಮ. ನನ್ನ ಬಣ್ಣದ್ದು.”

ಒಡತಿ ಬೀರು ತೆರೆದು ಟ್ಯೂಬುಗಳನ್ನೆಲ್ಲ ಹೊರಗೆ ಹರಡಿದಳು. ಹದಿನೆಂಟು ಇದ್ದವು. ಮಣಿಕಟ್ಟಿನಿಂದ ಶುರು ಮಾಡಿ ತನ್ನ ಎಡ ಮುಂಗೈಯ ಮೇಲೆ ಒಂದೊಂದನ್ನೂ ಗೆರೆಯಾಗಿ ಎಳೆದು, ಮಗಳ ದವಡೆಯ ಪಕ್ಕ ಕೈ ಹಿಡಿದು ನೋಡುತ್ತ ಹೋದಳು. ತಿಳಿಯಾದದ್ದು ಮೊದಲು, ಕಡುವಾದದ್ದು ಕೊನೆಗೆ. ಹನ್ನೊಂದನೆಯದು ಸುಣ್ಣ. ಹದಿನೈದನೆಯದು ಬೂದಿ. ಹದಿನೆಂಟನೆಯದನ್ನು ಕಲೆಯ ಮೇಲೂ ಹಚ್ಚಿ ಬೆರಳಿಂದ ಸವರಿದಳು. ಅಲ್ಲಿ ಒಂದು ಮಾಸಲು ತೇಪೆ ಎದ್ದಿತು.

ಅವಳು ಬೀರುವಿನ ಹಿಂಭಾಗಕ್ಕೆ ಕೈ ಹಾಕಿ ತಡಕಿದಳು. ಕೆಳಗಿನ ಖಾನೆಯನ್ನೂ ಎಳೆದಳು.

“ಯಾವುದೂ ಇಲ್ವಾ?” ಎಂದಳು ಪುಟ್ಟಿ.

“ಇರಬೇಕು. ತಾಳು.”

“ಹೊತ್ತಾಯ್ತಮ್ಮ.”

ಒಡತಿ ಹತ್ತಿ ಒದ್ದೆ ಮಾಡಿ ಮಗಳ ಕೆನ್ನೆ ಒರೆಸಿದಳು. ಗಾಯ ಮಾಗಿದ್ದರೂ ಮೆಲ್ಲಗೆ ಒರೆಸಿದಳು. ಪುಟ್ಟಿ ಎದ್ದು ಕನ್ನಡಿಯಲ್ಲಿ ತನ್ನ ಬರಿ ಮುಖವನ್ನು ಕೊಂಚ ಹೊತ್ತು ನೋಡಿದಳು, ಪರಿಚಯವಿಲ್ಲದವರನ್ನು ನೋಡಿದ ಹಾಗೆ. ಆಮೇಲೆ ಚೀಲ ಹೆಗಲಿಗೇರಿಸಿದಳು.

“ಕೆನ್ನೆಗೆ ಏನಾಯ್ತು ಅಂತ ಕೇಳಿದ್ರೆ?” ಎಂದಳು ಅಮ್ಮ.

“ಸುಟ್ಟಿತು ಅಂತೀನಿ.”

“ಯಾರಿಂದ ಅಂದ್ರೆ?”

ಪುಟ್ಟಿ ಚಪ್ಪಲಿ ಮೆಟ್ಟುತ್ತಿದ್ದಳು. “ಬೆಳಕಿಂದ ಅಂತೀನಿ ಬಿಡಮ್ಮ.”

ಅವಳು ರಸ್ತೆ ದಾಟುವುದು ಗಾಜಿನ ಬಾಗಿಲಿಂದ ಕಾಣುತ್ತಿತ್ತು. ಒಡತಿ ನಲ್ಲಿ ತಿರುಗಿಸಿ ಕೈ ಒಡ್ಡಿದವಳು ಹಾಗೇ ನಿಂತಳು. ಮಣಿಕಟ್ಟಿನಿಂದ ಮೊಣಕೈವರೆಗೆ ಹದಿನೆಂಟು ಗೆರೆಗಳು ಒಂದಕ್ಕಿಂತ ಒಂದು ಗಾಢವಾಗುತ್ತ ಬಂದಿದ್ದವು. ಕೊನೆಯ ಗೆರೆ ಮುಗಿದಲ್ಲಿಂದ ಅದಕ್ಕೂ ಗಾಢವಾದ ಅವಳ ಕೈ ಶುರುವಾಗುತ್ತಿತ್ತು.