ಡಾಕ್ಟರ್ ಸಂಗಯ್ಯನವರ ಪಾದೋದಕ

ಕೈ ತೊಳೆದ ನೀರು ಎಲ್ಲಿಗೆ ಹೋಯಿತೆಂದು ಅದರ ಬೆನ್ನು ಹತ್ತಿ ನಡೆಯುವ ವೈದ್ಯರನ್ನು ಇಳಕಲ್ಲಿನವರು ಕಂಡದ್ದು ಒಬ್ಬರನ್ನೇ. ಎಡಗಾಲನ್ನು ಕೊಂಚ ಎಳೆದು ಹಾಕುತ್ತ, ಅಯೋಡಿನ್ ಕಲೆ ಹತ್ತಿದ ಖಾದಿ ಕೋಟಿನ ಕಿಸೆಯಲ್ಲಿ ಕೈ ತುರುಕಿಕೊಂಡು ಡಾಕ್ಟರ್ ಸಂಗಯ್ಯನವರು ಗಟಾರದ ಗುಂಟ ಹೊರಟರೆ, ‘ಅಯ್ನೋರದು ಏನೋ ಕಳದೈತಿ’ ಎಂದು ಓಣಿಯವರು ನಗುತ್ತಿದ್ದರು. ಗುರುಸಿದ್ದವ್ವ ಮಾತ್ರ ನಗುತ್ತಿರಲಿಲ್ಲ. ಆ ಚಟ ಅವರಿಗೆ ಅಂಟಿದ್ದು ತನ್ನ ದೆಸೆಯಿಂದ ಎಂಬುದನ್ನು ಅವಳು ಬಲ್ಲಳು.

ಎಪ್ಪತ್ತರ ದಶಕದ ನಡುವಿನ ಮಾತು. ನೇಕಾರರ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಗುರುಸಿದ್ದವ್ವನ ಒಬ್ಬಳೇ ಮಗಳು ಶಿವಲಿಂಗವ್ವನನ್ನು ಸಂಗಯ್ಯನವರು ವಿಷಮಜ್ವರದ ಬಾಯಿಂದ ಕಿತ್ತು ತಂದಿದ್ದರು. ಜ್ವರವೇನೋ ಬಿಟ್ಟಿತು, ಆದರೆ ವಾಂತಿ ಹಿಡಿದು ಹುಡುಗಿ ದಿನದಿನಕ್ಕೆ ಸೊರಗಿದಳು. ತಮ್ಮ ಚಿಕಿತ್ಸೆಯೇ ತಪ್ಪಿತೇನೋ ಎಂದು ಸಂಗಯ್ಯನವರು ಅನ್ನ ಬಿಟ್ಟರು.

ಯಾವ ಪ್ರಶ್ನೆಯನ್ನೂ ‘ಖರೆ ಹೇಳು’ ಎಂದೇ ಆರಂಭಿಸುವುದು ಅವರ ರೂಢಿ.

“ಖರೆ ಹೇಳು ತಂಗಿ, ಕೂಸಿಗೆ ಏನ್ ಕುಡಸ್ತಿ?”

“ನಿಮ್ಮ ಪಾದೋದಕರಿ,” ಎಂದಳು ಗುರುಸಿದ್ದವ್ವ, ಹೆಮ್ಮೆಯಿಂದ.

ಸಂಗಯ್ಯನವರು ಜಂಗಮರ ಮನೆಯವರು. ಜಂಗಮರ ಪಾದ ತೊಳೆದ ನೀರನ್ನು ಭಕ್ತಿಯಿಂದ ಸ್ವೀಕರಿಸುವುದು ಅವಳ ಮನೆತನದ ನಡೆ. ಆದರೆ ಅವರು ಕಾಲು ಮುಟ್ಟಗೊಡದ ಮನುಷ್ಯ. ಕೈ ತೊಳೆದ ನೀರಾದರೂ ಆದೀತೆಂದು ಅವಳು ದವಾಖಾನೆಯ ಹಿಂದೆ ಬಚ್ಚಲ ಕೊಳವೆಗೆ ತಂಬಿಗೆ ಹಿಡಿಯುತ್ತಿದ್ದಳು. ಮಿಕ್ಕ ಔಷಧ, ಶೀಷೆ ತೊಳೆದ ನೀರು, ಫಿನಾಯಿಲು ಎಲ್ಲವೂ ಹರಿಯುತ್ತಿದ್ದುದು ಅದೇ ಕೊಳವೆಯಲ್ಲಿ. ನೀರಿಗೆ ಬಣ್ಣವಿತ್ತು ನಿಜ. ನೂಲಿಗೆ ಬಣ್ಣ ಹಾಕುವ ಊರಿನಲ್ಲಿ ಬಣ್ಣದ ನೀರಿಗೆ ಬೆದರುವವರು ಯಾರು?

“ಅದು ವಿಷ ಐತವ್ವಾ!”

“ನಿಮ್ಮ ಕೈಯಾಗಿಂದು ವಿಷ ಹೆಂಗಾಕ್ಕೈತ್ರಿ?”

ಎಷ್ಟು ತಿಳಿಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕಡೆಗೆ ಸಂಗಯ್ಯನವರು ಅವಳ ಕೈಯಲ್ಲಿದ್ದ ಆ ನೀರಿನ ತಂಬಿಗೆಯನ್ನು ಕಸಿದು ತಮ್ಮ ತುಟಿಗೇ ಎತ್ತಿದರು. ಗುರುಸಿದ್ದವ್ವ ಚೀರಿ ಅದನ್ನು ಬಡಿದು ಕೆಡವಿದಳು.

“ಬ್ಯಾಡ್ರಿ ಅಯ್ನೋರ, ನಿಮಗೇನರ ಆದ್ರ?”

“ನನಗ ಆಗೂದು ಕೂಸಿಗೆ ಆಗಂಗಿಲ್ಲೇನು?”

ಅವಳು ಕುಸಿದು ಕೂತು ಎದೆ ಬಡಿದುಕೊಂಡು ಅತ್ತಳು. ಸಂಗಯ್ಯನವರ ಕಣ್ಣೂ ತುಂಬಿತ್ತು. “ತಪ್ಪು ನಿಂದಲ್ಲವ್ವಾ, ಹರಿಬಿಟ್ಟಾಂವ ನಾ,” ಎಂದರು.

ಬಾವಿಗಳಿಂದ ದೂರ, ತಳಕ್ಕೂ ಗಾರೆ ಹಾಕಿದ ಗುಂಡಿ ಕಟ್ಟಿಸಿ ಔಷಧದ ನೀರನ್ನೆಲ್ಲ ಅಲ್ಲಿಗೆ ತಿರುಗಿಸಿದರು. ಅದಕ್ಕೆ ಕಲ್ಲು ಹೊತ್ತವಳು ಗುರುಸಿದ್ದವ್ವ. ಕೊಳವೆ ಸೋರುತ್ತದೆಯೋ ಎಂದು ಗಟಾರ ನೋಡುತ್ತ ನಡೆಯುವುದು ಅಂದಿನಿಂದ ಅವರ ವ್ರತವಾಯಿತು. ಶಿವಲಿಂಗವ್ವ ಚೇತರಿಸಿಕೊಂಡು, ಬೆಳೆದು, ಎಂಬತ್ತರ ದಶಕದಲ್ಲಿ ಹುನಗುಂದದ ಸೊಸೆಯಾದಳು.

ರೋಗ ವಾಸಿಮಾಡುವವರು ನಾಡಿನಲ್ಲಿ ಬೇಕಾದಷ್ಟು ಜನರಿದ್ದಾರೆ, ಅವರೆಲ್ಲರ ಹೊಟ್ಟೆ ತಣ್ಣಗಿರಲಿ. ಆದರೆ ತಮ್ಮ ಮೇಲೆ ಜನ ಇಟ್ಟ ಭಕ್ತಿ ತರುವ ಕೇಡಿನಿಂದಲೂ ಜನರನ್ನು ಕಾಯುವ ವೈದ್ಯರು ಅಪರೂಪ. ಅಂಥವರ ಪಾದಕ್ಕೆ ಬೀಳಬೇಕೆನಿಸುತ್ತದೆ, ಅವರು ಬೀಳಗೊಡುವುದಿಲ್ಲ.