ಒಂದೇ ಕಟ್ಟಡದ ಹನ್ನೊಂದು ಪತ್ರಗಳು

ಆ ಕಟ್ಟಡದ ನೆಲಮಹಡಿಯಲ್ಲಿ ರಾಜ್ಯ ಸರ್ಕಾರದ ಹಣಕಾಸು ನಿಗಾ ಕಚೇರಿ ಇತ್ತು, ಮೂರನೆಯ ಮಹಡಿಯಲ್ಲಿ ಕೇಂದ್ರ ಸರ್ಕಾರದ್ದು. ಜನರಿಂದ ಬಡ್ಡಿಗೆ ಠೇವಣಿ ಪಡೆಯುವ ಕಂಪನಿಗಳ ಮೇಲೆ ಕೆಳಗಿನವರು ಕಣ್ಣಿಡಬೇಕು. ಷೇರು ಮಾರುವವರ ಮೇಲೆ ಮೇಲಿನವರು. ಇಷ್ಟನ್ನು ಕಾನೂನು ಹೇಳಿತ್ತು. ಎರಡೂ ಕಣ್ಣು ಒಟ್ಟಿಗೆ ಮುಚ್ಚಿಕೊಂಡರೆ ಏನು ಗತಿ ಎಂದು ಹೇಳಿರಲಿಲ್ಲ.

ಕೆಳಗಿನ ಕಚೇರಿಯ ಮುಖ್ಯಸ್ಥೆಯನ್ನು ಎಲ್ಲರೂ ಕೆಳಗಿನ ಮೇಡಂ ಎನ್ನುತ್ತಿದ್ದರು. ಮೇಲಿನ ಸಾಹೇಬರು ಬೇರೆ ಯಾರೂ ಅಲ್ಲ, ಆಕೆಯ ಸ್ವಂತ ಅಕ್ಕನ ಗಂಡ. ಅಕ್ಕ ದಿನಾ ಇಬ್ಬರಿಗೂ ಸೇರಿಸಿ ಒಂದೇ ಡಬ್ಬಿಯಲ್ಲಿ ಊಟ ಕಟ್ಟುತ್ತಿದ್ದಳು. ಒಂದೂವರೆಗೆ ಭಾವ ಡಬ್ಬಿ ಹಿಡಿದು ಇಳಿದು ಬಂದರೆ ಮೇಡಂ ಮೇಜಿನ ಫೈಲುಗಳನ್ನು ಸರಿಸಿ ಜಾಗ ಮಾಡುತ್ತಿದ್ದಳು. ಊಟದ ಹೊತ್ತಿನಲ್ಲಿ ಕಚೇರಿಯ ಮಾತಿಲ್ಲ. ಹಿಂದೊಮ್ಮೆ ಅಧಿಕಾರದ ವಿಷಯಕ್ಕೆ ಇಬ್ಬರೂ ಜಗಳವಾಡಿದಾಗ ಅಕ್ಕ ಒಂದು ವಾರ ಡಬ್ಬಿಯನ್ನೇ ಕಳಿಸಿರಲಿಲ್ಲ. ಅಂದಿನಿಂದ ಈ ಶಿಸ್ತು. ಕಚೇರಿಯ ಮಾತೇನಿದ್ದರೂ ಕಾಗದದಲ್ಲಿ. ‘ಮಾನ್ಯರೇ’ ಎಂದು ಶುರುವಾಗುವ ಪತ್ರವನ್ನು ಜವಾನ ಏದುಸಿರು ಬಿಡುತ್ತಾ ಮೇಲಕ್ಕೆ ಹೊರುತ್ತಿದ್ದ. ಹತ್ತು ಹದಿನೈದು ದಿನ ಬಿಟ್ಟು, ಅದೇ ‘ಮಾನ್ಯರೇ’ ಎಂಬ ಉತ್ತರವನ್ನು ಕೆಳಕ್ಕೆ ತರುತ್ತಿದ್ದ.

ಎಂಟು ತಿಂಗಳಿಂದ ಹೀಗೆ ಓಡಾಡುತ್ತಿದ್ದದ್ದು ಒಬ್ಬ ದರ್ಜಿಯ ದೂರು. ಇಪ್ಪತ್ತೆರಡು ವರ್ಷ ಬಾಡಿಗೆಗೆ ಕೂತು ಹೊಲಿದ ಅಂಗಡಿಯನ್ನು ಮಾಲೀಕ ಮಾರಲು ಹೊರಟಿದ್ದ. ಅದನ್ನು ತಾವೇ ಕೊಳ್ಳೋಣವೆಂದು ಗಂಡ ಹೆಂಡತಿ ಕೂಡಿಟ್ಟ ಹಣ ಒಂದು ಕಂಪನಿಯಲ್ಲಿ ಸಿಕ್ಕಿಬಿದ್ದಿತ್ತು. ಕಂಪನಿ ಕೊಟ್ಟ ಕಾಗದವೋ, ಎರಡು ತಲೆಯ ಪ್ರಾಣಿ: ಮುಂದೆ ತಿಂಗಳ ಬಡ್ಡಿಯ ಭರವಸೆ, ಹಿಂದೆ ಲಾಭದಲ್ಲಿ ಪಾಲು. ಮುಂಭಾಗ ಓದಿದ ಭಾವ ಇದು ಠೇವಣಿ, ರಾಜ್ಯದ್ದು ಎಂದು ಬರೆದರು. ಹಿಂಭಾಗ ಓದಿದ ಮೇಡಂ ಇದು ಷೇರು, ಕೇಂದ್ರದ್ದು ಎಂದು ಬರೆದಳು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಇನ್ನೂ ಚೋದ್ಯವೆಂದರೆ, ದೂರನ್ನು ಇನ್ನೊಂದು ಕಚೇರಿಗೆ ದಾಟಿಸಿದರೂ ತಿಂಗಳ ವರದಿಯಲ್ಲಿ ಅದು ‘ವಿಲೇವಾರಿ’ ಎಂದೇ ಲೆಕ್ಕ. ಒಂದೇ ದರ್ಜಿಯನ್ನು ಹನ್ನೊಂದು ಸಲ ವಿಲೇವಾರಿ ಮಾಡಿ ಎರಡೂ ಕಚೇರಿಗಳು ಮೇಲಧಿಕಾರಿಗಳಿಂದ ಭೇಷ್ ಅನ್ನಿಸಿಕೊಂಡಿದ್ದವು.

ಒಂದು ಶುಕ್ರವಾರ ಊಟ ಅರ್ಧವಾಗಿತ್ತಷ್ಟೇ, ದರ್ಜಿ ನೇರ ಒಳಗೆ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು.

“ಮೇಡಂ, ಕಂಪನಿಯವರು ಬೋರ್ಡ್ ಇಳಿಸ್ತಾ ಇದಾರೆ. ಸಾಮಾನೆಲ್ಲ ಲಾರಿಗೆ ಹಾಕ್ತಾ ಇದಾರೆ. ಈಗ ನಾನು ಮೂರನೇ ಮಹಡಿ ಸಾಹೇಬ್ರ ಹತ್ರ ಹೋಗ್ಲಾ, ಇಲ್ಲೇ ಕೂತ್ಕೊಳ್ಲಾ?”

ಮೇಡಂ ಭಾವನ ಕಡೆ ನೋಡಿದಳು. ಆ ನೋಟದಲ್ಲೇ ದರ್ಜಿಗೆ ಅರ್ಥವಾಯಿತು.

“ನೀವೇನಾ ಸರ್ ಅವರು?” ಎಂದ. ಡಬ್ಬಿಯನ್ನು ನೋಡಿದ, ಇಬ್ಬರ ಎಂಜಲು ಕೈಗಳನ್ನೂ ನೋಡಿದ. “ದಿನಾ ಒಟ್ಟಿಗೆ ಊಟ ಮಾಡ್ತೀರಾ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ಅದು ಮೇಡಂಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಎದ್ದು ಕೈ ತೊಳೆದು ಬಂದು, ಕಂಪನಿಯ ಬ್ಯಾಂಕ್ ಖಾತೆಗಳನ್ನು ತಡೆಹಿಡಿಯುವ ಆದೇಶವನ್ನು ತಾನೇ ಬೆರಳಚ್ಚು ಮಾಡತೊಡಗಿದಳು.

“ನೋಡಮ್ಮಾ, ದುಡುಕಬೇಡ,” ಎಂದರು ಭಾವ. ಊಟದ ಶಿಸ್ತು ಮುರಿದದ್ದು ಅವರ ಗಮನಕ್ಕೇ ಬರಲಿಲ್ಲ. “ನಾಳೆ ಕೋರ್ಟಲ್ಲಿ ನಿನಗೆ ಅಧಿಕಾರವೇ ಇರಲಿಲ್ಲ ಅಂದ್ರೆ? ನಿವೃತ್ತಿಗೆ ಎರಡು ವರ್ಷ ಇದೆ ನಿಂಗೆ.”

“ಯಾರಿಗೆ ಅಧಿಕಾರ ಅಂತ ಕೋರ್ಟೇ ಹೇಳ್ಲಿ ಭಾವ. ಅಲ್ಲೀವರೆಗೆ ದುಡ್ಡು ಇದ್ದಲ್ಲೇ ಇರತ್ತಲ್ಲ.”

“ನಿನ್ನ ಆದೇಶ ಬಿದ್ದುಹೋದ್ರೆ?”

“ಬೀಳೋ ಮೊದ್ಲು ನಿಮ್ದೊಂದು ಬರ್ಲಿ. ಎರಡು ಬೀಗ ಇದ್ರೆ ಕಳ್ಳನಿಗೇ ಕಷ್ಟ, ನಮಗೇನು?”

ಅವಳು ಸಹಿ ಹಾಕಿದಳು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಭಾವ ಅರ್ಧ ಉಂಡ ಡಬ್ಬಿಯನ್ನು ಮುಚ್ಚಿ, ಮೆಟ್ಟಿಲು ಹತ್ತಿದರು. ಮೂರು ಗಂಟೆಗೆ ಅವರ ಆದೇಶವೂ ಬ್ಯಾಂಕಿಗೆ ಹೋಯಿತು. ಜವಾನನನ್ನು ಕಾಯದೆ ತಾವೇ ಒಯ್ದು ಕೊಟ್ಟಿದ್ದರು.

ನಾಲ್ಕಕ್ಕೆ ಬ್ಯಾಂಕಿನ ಮ್ಯಾನೇಜರ್ ಫೋನ್ ಮಾಡಿದ. ಖಾತೆಗಳೆಲ್ಲ ಸ್ಥಗಿತವಾಗಿದ್ದವು. ಆದರೆ ಕಂಪನಿ ನಾಲ್ಕೈದು ತಿಂಗಳಿಂದ ಸ್ವಲ್ಪಸ್ವಲ್ಪವೇ ಹಣ ಸಾಗಿಸಿತ್ತು. ಉಳಿದಿದ್ದನ್ನು ಎಲ್ಲರಿಗೂ ಹಂಚಿದರೆ ಹಾಕಿದ್ದರಲ್ಲಿ ಐದರಲ್ಲೊಂದು ಪಾಲು ಸಿಗಬಹುದು.

ದರ್ಜಿ ಬಾಗಿಲ ಹೊರಗಿನ ಬೆಂಚಿನ ಮೇಲೇ ಕೂತಿದ್ದ. ಮೇಡಂ ಅವನನ್ನು ಒಳಗೆ ಕರೆದು, ಎದುರಿನ ಕುರ್ಚಿ ತೋರಿಸಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವನು ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ಒಂದು ಕೇಳ್ಲಾ ಮೇಡಂ? ನಾನು ಮೊದಲ್ನೇ ಸಲ ಬಂದಾಗ್ಲೇ ನೀವು ಇದಕ್ಕೆ ಸಹಿ ಹಾಕಿದ್ದಿದ್ರೆ?”

ಹೇಳಲು ಬೇಕಾದಷ್ಟಿತ್ತು. ಕಾನೂನಿತ್ತು, ಸುತ್ತೋಲೆಗಳಿದ್ದವು, ಆ ಕಾಗದದ ಹಿಂಭಾಗವಿತ್ತು.

“ಅವತ್ತು ದುಡ್ಡೆಲ್ಲಾ ಖಾತೇಲೇ ಇತ್ತು,” ಎಂದಳು. “ಪೂರ್ತಿ ಇತ್ತು.”

ಅವನು ತಲೆಯಾಡಿಸಿದ. “ನಮ್ಮವಳಿಗೆ ಏನಂತ ಹೇಳೋದು ಈಗ? ಅಂಗಡಿಗೆ ಬಣ್ಣ ಯಾವುದು ಅಂತ ನೋಡಿಟ್ಟಿದಾಳೆ.”

ಮೇಡಂ ಖಾನೆಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿಕೊಂಡಳು.

“ನೀವು ಹೇಳ್ಬೇಡಿ,” ಎಂದಳು. “ನಡೀರಿ, ನಾನೇ ಬಂದು ಹೇಳ್ತೀನಿ.”