ಬುದ್ಧಿಯ ಮುಂದಿನ ಖಾಲಿ ಜಾಗ

ಮೂರನೇ ಸಲ ಅಳಿಸಿದಾಗ ಕಾಗದ ತೂತಾಯಿತು.

"ಹಾಳೆ ಮುಗೀತು ಗುರು. ಅದ್ರಲ್ಲೇ ಬರಿ," ಎಂದ ಲಿಖಿತ್.

ರಾಮಮೂರ್ತಿ ನಗರದಲ್ಲಿ ಅವನ ಮನೆಯ ಮಹಡಿಯ ಕೋಣೆ. ೨೦೦೨ರ ಒಂದು ಭಾನುವಾರದ ಬೆಳಿಗ್ಗೆ. ಇದ್ದವರು ಮೂವರೇ: ಲಿಖಿತ್, ಅವನ ಚಿಕ್ಕಪ್ಪನ ಮಗ ಕೆಂಪರಾಜ್, ನಾನು. ನಾವಾಡುವ ಆಟಕ್ಕೆ ಹಾಸಿಲ್ಲ, ಕಾಯಿಲ್ಲ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗೆ ಒಬ್ಬೊಬ್ಬ ಮನುಷ್ಯರಾಗುತ್ತಾರೆ, ಆದದ್ದು ಆಗದ್ದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಆದರೆ ಮೊದಲು ಆ ಮನುಷ್ಯನನ್ನು ಕಾಗದದ ಮೇಲೆ ಮಾಡಿಕೊಳ್ಳಬೇಕು. ಎಣಿಸಿ ಕೊಟ್ಟ ಅಂಕಗಳನ್ನು ಅವನ ಗುಣಗಳಿಗೆ ಹಂಚಬೇಕು. ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ಕೆಂಪರಾಜ್‌ಗೆ ತಲೆನೋವೆಂದು ಲಿಖಿತ್ ಹಾಳೆಯನ್ನು ಕನ್ನಡದಲ್ಲಿ ಬರೆದಿದ್ದ. ಬಲ. ಚುರುಕು. ತಾಳಿಕೆ. ಬುದ್ಧಿ.

ಬುದ್ಧಿಯ ಮುಂದೆ ನಾನು ಇನ್ನೂ ಏನನ್ನೂ ಉಳಿಸಿರಲಿಲ್ಲ.

ಕೆಳಗೆ ಗೇಟಿನ ಹೊರಗೆ ನನ್ನ ತಾತ ದೊಡ್ಡಮುನಿಯಪ್ಪ ನಿಂತಿದ್ದ. ಕೈಯಲ್ಲಿ ನಮ್ಮಕ್ಕ ಪ್ರಿಯಾಳ ಮದುವೆಯ ಪತ್ರಿಕೆ. ಲಿಖಿತನ ತಾತ ಮುನಿವೆಂಕಟಪ್ಪನವರು ಮಾರತ್ತಹಳ್ಳಿಗೆ ಹೋದವರು ಇನ್ನೇನು ಬರಬೇಕಿತ್ತು. ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ತಾತ ಕೂರಲಿಲ್ಲ.

ಈ ಬಡಾವಣೆ ರಾಗಿ ಹೊಲವಾಗಿದ್ದಾಗ ತಾತ ಅವರಲ್ಲಿ ದುಡಿದವನು. ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವನಲ್ಲ. ಒಡೆಯ ಎನ್ನುವ ಕಡೆ ಅವನು 'ಬುದ್ಧಿ' ಎನ್ನುತ್ತಿದ್ದ. ಬಂದೆ ಬುದ್ಧಿ. ಆಗ್ಲಿ ಬುದ್ಧಿ. ಇವತ್ತು ದಾರಿಯುದ್ದಕ್ಕೂ ಅವನಿಗೆ ಹೇಳಿಕೊಂಡು ಬಂದಿದ್ದೆ.

"ತಾತ, ಇವತ್ತೊಂದಿನ ಆ ಮಾತು ಬೇಡ. ಅಕ್ಕನ ಮದ್ವೆಗೆ ಕರೀತಿರೋದು, ಕೂಲಿ ಕೇಳ್ತಿಲ್ಲ."

"ಇನ್ನೇನಂತ ಕರೀಲೋ ಮಗ?"

"ಏನಾದ್ರೂ ಕರಿ."

"ಆಯ್ತು. ಅನ್ನಲ್ಲ, ಬಿಡು."

ಎರಡು ವರ್ಷದಿಂದ ಈ ಮನೆಗೆ ಬರುತ್ತಿದ್ದೇನೆ. ನಾನೂ ಅವರನ್ನು ಏನೆಂದೂ ಕರೆದಿಲ್ಲ. ಎದುರಾದರೆ ನಗುತ್ತೇನೆ, ಇಲ್ಲವೇ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತೇನೆ.

"ಬುದ್ಧಿ ಎಷ್ಟು ಹಾಕ್ದೆ?" ಎಂದ ಲಿಖಿತ್.

"ಯೋಚ್ನೆ ಮಾಡ್ತಿದೀನಿ."

"ಎಂಟು ಹಾಕು ಮಗಾ," ಎಂದ ಕೆಂಪರಾಜ್. "ನಂದೂ ಎಂಟೇ. ಇಬ್ರೂ ದಡ್ಡರಾಗೇ ಸಾಯೋಣ."

ನನ್ನ ಮನುಷ್ಯ ಬೀಗ ಬಿಚ್ಚುವವನು. ಗೋಡೆ ಹತ್ತಬೇಕು, ಸದ್ದಿಲ್ಲದೆ ನಡೆಯಬೇಕು, ನಾಲ್ಕು ಭಾಷೆ ಬರಬೇಕು. ಒಂದೊಂದು ಹಂತ ಏರಿದಾಗಲೂ ಇಂಥ ಕಸುಬು ಕಲಿಯಲು ಅಂಕ ಸಿಗುತ್ತವೆ. ಬುದ್ಧಿ ಹೆಚ್ಚಿದ್ದವನಿಗೆ ಹೆಚ್ಚು. ಆದರೆ ಬಲವೂ ಬೇಕು. ಒದೆ ತಿಂದು ಬಿದ್ದರೆ ಕಲಿತದ್ದರಿಂದೇನು ಉಪಯೋಗ?

"ಈಗ ಬಲಕ್ಕೆ ಹಾಕಿ, ಆಮೇಲೆ ಬುದ್ಧಿ ಜಾಸ್ತಿ ಮಾಡ್ಕೊಂಡ್ರೆ?"

"ಮಾಡ್ಕೋ. ಅಲ್ಲಿಂದ ಮುಂದಕ್ಕೆ ಜಾಸ್ತಿ ಸಿಗುತ್ತೆ. ಹಿಂದಿನ ಹಂತದ್ದು ಸಿಗಲ್ಲ."

"ಯಾಕೆ?"

"ಪುಸ್ತಕದಲ್ಲಿ ಹಂಗೇ ಇರೋದು. ಅವಾಗ ಕಲೀದೇ ಇದ್ದಿದ್ದು ಹೋಯ್ತು, ಅಷ್ಟೆ."

ಎದ್ದು ಕಿಟಕಿಗೆ ಹೋದೆ. ಬೆವರು ತಾಗದಿರಲೆಂದು ತಾತ ಪತ್ರಿಕೆಯನ್ನು ಅಂಚಿನಲ್ಲಷ್ಟೇ ಹಿಡಿದಿದ್ದ. ತುಟಿ ಅಲ್ಲಾಡುತ್ತಿತ್ತು. ಏನನ್ನೋ ಬಾಯಿಪಾಠ ಮಾಡುತ್ತಿದ್ದ.

"ಕೂತ್ಕೊಳೋ, ನಿನ್ನ ನೋಡಿ ನಂಗೆ ತಲೆ ತಿರುಗ್ತಿದೆ," ಎಂದ ಕೆಂಪರಾಜ್.

ಕೂತೆ. ಬಲ ಹದಿನಾಲ್ಕು ಬರೆದೆ. ಹನ್ನೆರಡು ಮಾಡಿದೆ. ಮತ್ತೆ ಹದಿನಾಲ್ಕು. ಕೆಳಗೆ ಕಾರು ನಿಂತ ಸದ್ದಾಯಿತು.

"ಏನೋ ಮುನಿಯಾ, ಬಿಸಿಲಲ್ಲಿ?" ಮುನಿವೆಂಕಟಪ್ಪನವರ ದನಿ. ತಾತನಿಗೂ ಅವರಿಗೂ ಒಂದೇ ವಯಸ್ಸು.

ಪೆನ್ಸಿಲ್ ಎತ್ತಿ ಹಿಡಿದೆ. ತಾತನ ದನಿ ಕೇಳಿಸಲಿಲ್ಲ.

"ಏನೋ ಅದು ಕೈಲಿ?"

ಆಗಲೂ ಇಲ್ಲ. ತಾತ ಕೊಟ್ಟ ಮಾತು ಉಳಿಸಿಕೊಂಡಿದ್ದ. ಆ ಒಂದು ಪದವಿಲ್ಲದೆ ಅವರ ಮುಂದೆ ಅವನಿಗೆ ಬೇರೆ ಯಾವ ಮಾತೂ ಶುರುವಾಗುತ್ತಿರಲಿಲ್ಲ. ಅದನ್ನು ಕಿತ್ತುಕೊಂಡವನು ನಾನು. ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ.

"ಮಾತು ಹೋಯ್ತೇನೋ? ಬಾಯಿ ಬಿಡೋ."

"ಸುಗತ, ಬುದ್ಧಿ ಎಷ್ಟು?" ಎಂದ ಲಿಖಿತ್.

ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ. ತಾತ ಪತ್ರಿಕೆಯನ್ನು ಎರಡು ಕೈಯಲ್ಲೂ ಮುಂದಕ್ಕೆ ಚಾಚಿದ್ದ, ಬಾಯಿ ಅರ್ಧ ತೆರೆದಿತ್ತು. ಮುನಿವೆಂಕಟಪ್ಪನವರು ಕಾರಿನ ಬಾಗಿಲು ಹಿಡಿದು ನಿಂತಿದ್ದರು.

"ತಾತ," ಎಂದೆ.

ಇಬ್ಬರೂ ತಿರುಗಿದರು.

ನಾನು ಮುನಿವೆಂಕಟಪ್ಪನವರನ್ನೇ ನೋಡಿದೆ. "ನಮ್ಮಕ್ಕನ ಮದ್ವೆ ತಾತ. ಹಲಸೂರಲ್ಲಿ. ನೀವು ಬರ್ಬೇಕು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಜೇಬಿನಲ್ಲಿ ಕನ್ನಡಕ ತಡಕಾಡಿ, ತಾತನ ಕೈಯಿಂದ ಪತ್ರಿಕೆ ತೆಗೆದುಕೊಂಡರು. "ಯಾವತ್ತು?" ಎಂದರು.

"ಬರೋ ಭಾನುವಾರ," ಎಂದ ತಾತ. ಅಷ್ಟಕ್ಕೇ ನಿಲ್ಲಿಸಿ, ಸರಿಯಾಯಿತೇ ಎಂಬಂತೆ ನನ್ನತ್ತ ನೋಡಿದ.

ಮೇಲಿನ ಕಿಟಕಿಯಿಂದ ಲಿಖಿತ್ ತಲೆ ಹೊರಹಾಕಿದ. "ಲೇ, ಬುದ್ಧಿಗೆ ಎಷ್ಟು ಬರ್ಕೊಳ್ಲಿ?"

"ಹದಿನಾಲ್ಕು," ಎಂದೆ. "ಬಲದಲ್ಲಿ ತೆಗಿ."